ಅನಾನಸ್‌ನ ಮದ್ದು ಇರುವುದು ಹಣ್ಣಿನಲ್ಲೋ, ಕಾಂಡದಲ್ಲೋ?

ಬುದ್ಧಿಹಲ್ಲು ಕೀಳಿಸಿಕೊಂಡವರಿಗೆ, ಕಾಲು ಉಳುಕಿಸಿಕೊಂಡವರಿಗೆ, ಮೂಳೆ ಆಪರೇಷನ್ ಆದವರಿಗೆ ಬೆಂಗಳೂರಿನ ವೈದ್ಯರು ಬರೆಯುವ ಚೀಟಿಯಲ್ಲಿ ನೋವಿನ ಮಾತ್ರೆಯ ಪಕ್ಕ ಇನ್ನೊಂದು ಮಾತ್ರೆ ಆಗಾಗ ಕಾಣಿಸಿಕೊಳ್ಳುತ್ತದೆ. ಮೆಡಿಕಲ್ ಶಾಪ್‌ನವರು ‘ಇದು ಊತ ಇಳಿಯೋಕೆ’ ಅಂತ ಹೇಳಿ ಕೊಡುತ್ತಾರೆ. ಪಟ್ಟಿಯ ಹಿಂದಿನ ಸಣ್ಣಕ್ಷರ ಓದಿದರೆ ಟ್ರಿಪ್ಸಿನ್ 48 ಮಿಲಿಗ್ರಾಂ, ಬ್ರೊಮೆಲೈನ್ 90 ಮಿಲಿಗ್ರಾಂ, ರುಟೋಸೈಡ್ 100 ಮಿಲಿಗ್ರಾಂ ಎಂದಿರುತ್ತದೆ. ಈ ಮೂರರಲ್ಲಿ ಬ್ರೊಮೆಲೈನ್ ಅನಾನಸ್ ಗಿಡದ ಕಿಣ್ವ (ಎಂಜೈಮ್). ಅದೇ ಹೊತ್ತಿಗೆ ತಳ್ಳುಗಾಡಿಯವರು ‘ಕಫಕ್ಕೆ ಒಳ್ಳೇದು’ ಅಂತ ಉಪ್ಪು-ಖಾರ ಹಚ್ಚಿದ ಹೋಳು ಕೊಡುತ್ತಾರೆ, ವಾಟ್ಸಾಪ್‌ನಲ್ಲಿ ‘ಬಿಸಿ ಅನಾನಸ್ ನೀರು ಕ್ಯಾನ್ಸರ್ ಕೊಲ್ಲುತ್ತದೆ’ ಎಂಬ ಸಂದೇಶ ಓಡಾಡುತ್ತದೆ, ಮನೆಯಲ್ಲಿ ಅಜ್ಜಿ ಬಸುರಿ ಮೊಮ್ಮಗಳ ಮುಂದಿನಿಂದ ಅದೇ ಹೋಳಿನ ತಟ್ಟೆ ಎತ್ತಿಬಿಡುತ್ತಾರೆ.

ಎಲ್ಲರೂ ಒಂದೇ ಗಿಡದ ಹೆಸರು ಹೇಳುತ್ತಿದ್ದಾರೆ, ಆದರೆ ಒಂದೇ ವಸ್ತುವಿನ ಮಾತಾಡುತ್ತಿಲ್ಲ. ಮಾತ್ರೆಯಲ್ಲಿರುವುದು ಕಾಂಡದ ಸತ್ವ. ಗಾಡಿಯಲ್ಲಿರುವುದು ಮಾಗಿದ ಹಣ್ಣು. ಬಿಸಿ ನೀರಿನಲ್ಲಿರುವುದು ಬೆಂದು ಸತ್ವ ಕಳೆದುಕೊಂಡ ರಸ. ಅಜ್ಜಿಯ ಹೆದರಿಕೆ ಹುಟ್ಟಿದ್ದು ಎಳೆಕಾಯಿ ಮತ್ತು ಎಲೆಯ ರಸದಿಂದ. ಅನಾನಸ್ ಔಷಧಿಯೇ ಎಂದು ಕೇಳುವ ಮೊದಲು ಗಿಡದ ಯಾವ ಭಾಗ, ಹಸಿಯೋ ಬೆಂದದ್ದೋ, ಎಷ್ಟು, ಯಾವ ದಾರಿಯಲ್ಲಿ ದೇಹ ಸೇರುತ್ತದೆ ಎಂದು ಕೇಳಬೇಕು.

ಗಿಡವನ್ನು ಹತ್ತಿರದಿಂದ ನೋಡದವರಿಗಾಗಿ ಎರಡು ಮಾತು. ಸಾಗರ, ಸೊರಬ, ಬನವಾಸಿ ಕಡೆಯ ತೋಟಗಳಲ್ಲಿ ಸೊಂಟದೆತ್ತರದ ಕತ್ತಿಯಂಥ ಎಲೆಗಳ ಗುಚ್ಛ ಕಾಣುತ್ತದಲ್ಲ, ಅದರ ನಡುವೆ ಮುಚ್ಚಿಹೋದ ಗಿಡ್ಡ, ದಪ್ಪ ಕಾಂಡವಿರುತ್ತದೆ. ಅದರ ತುದಿಯಿಂದ ಹೊರಟ ತೊಟ್ಟಿನ ಮೇಲೆ ಹಣ್ಣು, ಹಣ್ಣಿನ ಮೇಲೆ ಎಲೆಯ ಕುಚ್ಚು. ಹಣ್ಣಿನೊಳಗಿನ ಗಟ್ಟಿ ದಿಂಡು ಆ ತೊಟ್ಟಿನ ಮುಂದುವರಿಕೆ. ‘ದಿಂಡು ಬಿಸಾಡಬೇಡಿ, ಬ್ರೊಮೆಲೈನ್ ಎಲ್ಲಾ ಅದರಲ್ಲೇ ಇದೆ’ ಎಂಬ ಸಲಹೆ ಅರ್ಧ ಸರಿ. ದಿಂಡಿನಲ್ಲಿ ಈ ಸತ್ವ ಇದೆ, ತಿರುಳಿನಲ್ಲೂ ಸಿಪ್ಪೆಯಲ್ಲೂ ಕುಚ್ಚಿನಲ್ಲೂ ಇದೆ. ಆದರೆ ಔಷಧಿ ಕಂಪನಿಗಳು ಬಳಸುವುದು ಹಣ್ಣು ಕಟಾವಾದ ಮೇಲೆ ಹೊಲದಲ್ಲೇ ಉಳಿಯುವ ಕಾಂಡವನ್ನು. ಬೆಂಗಳೂರಿನ ಹಣ್ಣಿನ ಮಂಡಿಗೆ ಬರುವ ಲಾರಿಯಲ್ಲಿ ಅದು ಬರುವುದೇ ಇಲ್ಲ.

ಪುರಾತನ ಎಂಬ ಹಣೆಪಟ್ಟಿ

‘ಸಾವಿರಾರು ವರ್ಷಗಳ ಆಯುರ್ವೇದ ರಹಸ್ಯ’ ಎಂದು ಅನಾನಸ್ ಪುಡಿ ಮಾರುವವರಿದ್ದಾರೆ. ಅದು ಆಗದ ಮಾತು. ಗಿಡದ ತವರು ದಕ್ಷಿಣ ಅಮೆರಿಕ. ಕೊಲಂಬಸ್ ಅದನ್ನು ಕಂಡದ್ದು 1493ರಲ್ಲಿ, ಗ್ವಾಡಲೂಪ್ ದ್ವೀಪದಲ್ಲಿ. ಭಾರತಕ್ಕೆ ತಂದವರು ಪೋರ್ಚುಗೀಸರು, 16ನೇ ಶತಮಾನದಲ್ಲಿ. ಜಹಾಂಗೀರ್ ಬಾದಶಹನ ಬರಹದಲ್ಲೂ ಅದು ಯುರೋಪಿಯನ್ನರ ಬಂದರುಗಳಿಂದ ಬರುವ ಹಣ್ಣು. ಚರಕ, ಸುಶ್ರುತರಿಗೆ ಅನಾನಸ್ ಗೊತ್ತಿರಲು ಸಾಧ್ಯವಿಲ್ಲ. ತೀರಾ ಈಚಿನ ಆಯುರ್ವೇದ ಔಷಧಿ ನಿಘಂಟುಗಳು ಅದನ್ನು ಸೇರಿಸಿಕೊಂಡು ಹುಳಿ-ಸಿಹಿ ರಸ, ಜೀರ್ಣಕಾರಿ, ಹೃದ್ಯ ಎಂದೆಲ್ಲ ಗುಣ ಬರೆದಿವೆ. ಮೆಣಸಿನಕಾಯಿಯೂ ಹೀಗೇ ಹೊರಗಿನಿಂದ ಬಂದು ನಮ್ಮದಾಯಿತು, ಹಾಗಾಗಿ ಇದು ಆಕ್ಷೇಪಣೆಯಲ್ಲ. ಲೆಕ್ಕ ಸರಿ ಇರಲಿ ಅಷ್ಟೆ: ನಮ್ಮಲ್ಲಿ ಈ ಗಿಡದ ಮನೆಮದ್ದಿಗೆ ಇರುವುದು ನಾಲ್ಕೈದು ಶತಮಾನದ ಇತಿಹಾಸ.

ಆ ಅವಧಿಯಲ್ಲಿ ಜನ ಕಂಡುಕೊಂಡ ಬಳಕೆಗಳು ಊರಿಂದೂರಿಗೆ ಬೇರೆ. ತ್ರಿಪುರಾ, ಅಸ್ಸಾಂ, ಬಾಂಗ್ಲಾದೇಶದ ಕಡೆ ಎಲೆಯ ಬುಡದ ಬಿಳಿ ಭಾಗವನ್ನು ಜಜ್ಜಿ, ರಸ ಹಿಂಡಿ ಜಂತುಹುಳುವಿಗೆ ಮಕ್ಕಳಿಗೆ ಕುಡಿಸುತ್ತಾರೆ. ಎಲೆಯ ರಸಕ್ಕೆ ಸಕ್ಕರೆ ಬೆರೆಸಿ ಬಿಕ್ಕಳಿಕೆಗೆ ಕೊಡುವುದು ಹಳೆಯ ಔಷಧಿ ಗ್ರಂಥಗಳಲ್ಲಿ ದಾಖಲಾಗಿದೆ. ಮಾಗಿದ ಹಣ್ಣು ಅಜೀರ್ಣಕ್ಕೆ, ಮೂತ್ರ ಸಲೀಸಾಗಲು. ಎಳೆಕಾಯಿ ಮುಟ್ಟು ತರಿಸಲು, ಗರ್ಭ ಇಳಿಸಲು. ಮಲೆನಾಡಿನ ಅನಾನಸ್ ಮೆಣಸ್ಕಾಯಿ, ಬೆಂಗಳೂರಿನ ಮದುವೆಮನೆಯ ಗೊಜ್ಜು ಔಷಧಿಯ ಲೆಕ್ಕಕ್ಕೆ ಬರುವುದಿಲ್ಲ. ಬೆಲ್ಲ, ಎಳ್ಳು, ಒಣಮೆಣಸಿನ ಜೊತೆ ಚೆನ್ನಾಗಿ ಬೆಂದ ಹೋಳುಗಳವು, ಕಿಣ್ವದ ಸುದ್ದಿಯೇ ಇಲ್ಲ. ರುಚಿಗಾಗಿ ತಿನ್ನಿ.

ಕಿಣ್ವದ ಕೆಲಸ

ಬ್ರೊಮೆಲೈನ್ ಎಂಬುದು ಒಂದೇ ವಸ್ತುವಲ್ಲ. ಪ್ರೋಟೀನನ್ನು ತುಂಡರಿಸುವ ಹಲವು ಕಿಣ್ವಗಳ ಮಿಶ್ರಣಕ್ಕೆ ಇಟ್ಟ ಹೆಸರು. ಹಣ್ಣಿನ ರಸದಲ್ಲಿ ಇಂಥದೊಂದು ಕಿಣ್ವವಿದೆ ಎಂದು 1891ರಲ್ಲಿ ತೋರಿಸಿದವನು ವೆನೆಜುವೆಲಾದ ರಸಾಯನತಜ್ಞ ವಿಸೆಂಟೆ ಮಾರ್ಕಾನೊ. ಕಾಂಡದಲ್ಲೂ ಅದು ಹೇರಳವಾಗಿದೆ ಎಂದು ಹೈನೆಕಿ ಮತ್ತು ಗೋರ್ಟ್ನರ್ 1957ರಲ್ಲಿ ಹವಾಯಿಯಿಂದ ವರದಿ ಮಾಡಿದ ಮೇಲೆ ವ್ಯಾಪಾರ ಶುರುವಾಯಿತು. ಎಸೆಯುವ ಕಾಂಡಕ್ಕೆ ಬೆಲೆ ಬಂತು. ಸಿಪ್ಪೆ ತೆಗೆದ ಕಾಂಡವನ್ನು ಅರೆದು, ರಸ ಹಿಂಡಿ, ತಂಪಿನಲ್ಲಿಟ್ಟು ಅಸಿಟೋನ್‌ನಂಥ ದ್ರಾವಕ ಬೆರೆಸಿದರೆ ಕಿಣ್ವ ಗಸಿಯಂತೆ ತಳ ಸೇರುತ್ತದೆ. ಅದನ್ನು ಬೇರ್ಪಡಿಸಿ ಶಾಖವಿಲ್ಲದೆ ಒಣಗಿಸಿದರೆ ಪುಡಿ ಸಿದ್ಧ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಒಂದಕ್ಕೊಂದು ಬೆರೆಯದ ಎರಡು ಜಲೀಯ ದ್ರಾವಣಗಳ ನಡುವೆ ಕಿಣ್ವವನ್ನು ಹಂಚಿ ಬೇರ್ಪಡಿಸುವ ವಿಧಾನದ ಬಗ್ಗೆ 2008ರಲ್ಲಿ ಪ್ರಕಟಿಸಿದ್ದಾರೆ.

ಈ ಕಿಣ್ವದ ಜೀವ ಇರುವುದು ಗಂಧಕ ಹೊತ್ತ ಒಂದು ಅಮೈನೋ ಆಮ್ಲದಲ್ಲಿ, ಸಿಸ್ಟೀನ್‌ನಲ್ಲಿ. ಗಾಳಿಯ ಆಮ್ಲಜನಕ ತಾಗಿದರೆ, ಪಾದರಸ ತಾಮ್ರದಂಥ ಲೋಹ ಅಂಟಿದರೆ ಅದು ಮಂಕಾಗುತ್ತದೆ. ಬಿಸಿ ಇನ್ನೊಂದು ಶತ್ರು. 50ರಿಂದ 60 ಡಿಗ್ರಿಯವರೆಗೆ ಕಿಣ್ವ ಚುರುಕಾಗಿ ದುಡಿಯುತ್ತದೆ, 70 ದಾಟಿ ಕೆಲವು ನಿಮಿಷ ಕಳೆದರೆ ಬಹುಪಾಲು ಶಕ್ತಿ ಹೋಗಿರುತ್ತದೆ, ಕುದಿದರೆ ಮುಗಿಯಿತು. ಫ್ರೀಜರ್‌ನಲ್ಲಿಟ್ಟರೆ ಸಾಯುವುದಿಲ್ಲ, ಸುಮ್ಮನೆ ಕೂತಿರುತ್ತದೆ. ಡಬ್ಬಿಯ ಹೋಳು ಮತ್ತು ಪ್ಯಾಕೆಟ್ ಜ್ಯೂಸ್ ತಯಾರಿಕೆಯಲ್ಲೇ ಬಿಸಿ ಕಂಡಿರುವುದರಿಂದ ಅವುಗಳಲ್ಲಿ ಕಿಣ್ವವನ್ನು ಹುಡುಕುವುದು ವ್ಯರ್ಥ. ಮನೆಯಲ್ಲಿ ಸಿಪ್ಪೆ, ದಿಂಡು ಬಿಸಿಲಿಗೆ ಒಣಗಿಸಿ ‘ಬ್ರೊಮೆಲೈನ್ ಪುಡಿ’ ಮಾಡುವ ವಿಡಿಯೋಗಳ ಕಥೆಯೂ ಹೆಚ್ಚುಕಡಿಮೆ ಇಷ್ಟೇ.

ನಂಬಿಕೆಯಾಗದಿದ್ದರೆ ಅಡುಗೆಮನೆಯಲ್ಲೇ ನೋಡಬಹುದು. 10 ಗ್ರಾಂ ಜೆಲಾಟಿನ್ ಪುಡಿಯನ್ನು 50 ಮಿಲಿಲೀಟರ್ ತಣ್ಣೀರಿನಲ್ಲಿ ಐದು ನಿಮಿಷ ನೆನೆಸಿ, 200 ಮಿಲಿಲೀಟರ್ ಬಿಸಿನೀರು ಹಾಕಿ ಕರಗಿಸಿ, ಎರಡು ಬಟ್ಟಲಿಗೆ ಹಂಚಿ. ಉಗುರು ಬೆಚ್ಚಗಾದ ಮೇಲೆ ಒಂದಕ್ಕೆ ನಾಲ್ಕು ಹಸಿ ಹೋಳು, ಇನ್ನೊಂದಕ್ಕೆ ಐದು ನಿಮಿಷ ಕುದಿಸಿ ಆರಿಸಿದ ನಾಲ್ಕು ಹೋಳು ಹಾಕಿ ನಾಲ್ಕು ಗಂಟೆ ಫ್ರಿಜ್‌ನಲ್ಲಿಡಿ. ಎರಡನೆಯದು ಗಟ್ಟಿಯಾಗುತ್ತದೆ, ಮೊದಲನೆಯದು ನೀರಾಗಿಯೇ ಉಳಿಯುತ್ತದೆ, ಏಕೆಂದರೆ ಜೆಲಾಟಿನ್ ಪ್ರೋಟೀನು, ಕಿಣ್ವ ಅದನ್ನು ಕತ್ತರಿಸಿ ಹಾಕಿರುತ್ತದೆ. ದ್ರಾವಣ ಇನ್ನೂ ಸುಡುತ್ತಿರುವಾಗಲೇ ಹಸಿ ಹೋಳು ಹಾಕಿದರೆ ಪ್ರಯೋಗ ಕೆಡುತ್ತದೆ, ಎರಡೂ ಗಟ್ಟಿಯಾಗಿಬಿಡಬಹುದು. ಚೈನಾ ಗ್ರಾಸ್‌ನಲ್ಲಿ ಈ ತೊಂದರೆಯಿಲ್ಲ. ಅದು ಪಾಚಿಯ ಪಿಷ್ಟದ ಜಾತಿ, ಪ್ರೋಟೀನಲ್ಲ. ಹಣ್ಣಿನ ಹುಳಿಯಲ್ಲಿ ಕುದಿಸಿದರೆ ಮಾತ್ರ ಅದರ ಬಿಗಿ ಕಡಿಮೆಯಾಗುತ್ತದೆ, ಹಾಗಾಗಿ ನೀರಲ್ಲಿ ಬೇರೆಯಾಗಿ ಕರಗಿಸಿ ರಸವನ್ನು ಆಮೇಲೆ ಸೇರಿಸಬೇಕು.

ಅನಾನಸ್ ಮಿಲ್ಕ್‌ಶೇಕ್ ಸ್ವಲ್ಪ ಹೊತ್ತು ಬಿಟ್ಟರೆ ಕಹಿಯಾಗುವುದಕ್ಕೂ ಇದೇ ಕಾರಣ. ಹಾಲಿನ ಕೇಸಿನ್ ತುಂಡಾದಾಗ ಹುಟ್ಟುವ ಕೆಲವು ಚೂರುಗಳ ರುಚಿಯೇ ಕಹಿ. ರಾಯತಕ್ಕೆ ಹಾಕುವ ಹೋಳನ್ನು ಎರಡು ಚಮಚ ನೀರು, ಚಿಟಿಕೆ ಸಕ್ಕರೆಯೊಂದಿಗೆ ಐದು ನಿಮಿಷ ಬೇಯಿಸಿ, ಪೂರ್ತಿ ಆರಿದ ಮೇಲೆ ಮೊಸರಿಗೆ ಬೆರೆಸಿದರೆ ಆ ರಗಳೆಯಿಲ್ಲ. ಮಟನ್ ಮೆದುವಾಗಲು ಹಸಿ ಅನಾನಸ್ ಹಾಕುವವರು ಅರ್ಧ ಕಿಲೋಗೆ ಒಂದು ದೊಡ್ಡ ಚಮಚ ಪೇಸ್ಟ್, ಇಪ್ಪತ್ತು-ಮೂವತ್ತು ನಿಮಿಷ ದಾಟಬಾರದು. ರಾತ್ರಿಯಿಡೀ ಇಟ್ಟರೆ ಹೊರಪದರ ಹಿಟ್ಟಿನಂತಾಗುತ್ತದೆ, ಒಳಗೆ ಗಟ್ಟಿಯೇ ಉಳಿಯುತ್ತದೆ, ಕಿಣ್ವ ಆಳಕ್ಕೆ ಇಳಿಯುವುದಿಲ್ಲ.

ಹಣ್ಣು ತಿಂದ ಮೇಲೆ ನಾಲಿಗೆ ಉರಿಯುವುದಕ್ಕೆ ಮೂರು ಕಾರಣ ಸೇರಿಕೊಳ್ಳುತ್ತವೆ: ಹುಳಿ, ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು, ಮತ್ತು ಬಾಯಿಯ ಲೋಳೆಪದರದ ಪ್ರೋಟೀನನ್ನೇ ಕರಗಿಸುವ ಕಿಣ್ವ. ಲೀಟರ್ ನೀರಿಗೆ ಒಂದು ಚಮಚ ಉಪ್ಪು ಹಾಕಿ ಹತ್ತು ನಿಮಿಷ ಮುಳುಗಿಸುವ ಪದ್ಧತಿ ಉರಿಯನ್ನು ಕಡಿಮೆ ಮಾಡುತ್ತದೆ, ಅದರ ಒಂದು ಪಾಲು ಹೋಳಿನ ಮೇಲ್ಮೈಯ ರಸವನ್ನು ತೊಳೆದು ಹಾಕುವುದರಿಂದ. ಉಪ್ಪುನೀರಿನಲ್ಲಿ ಕಿಣ್ವ ಪೂರ್ತಿ ನಾಶವಾಗುವುದಿಲ್ಲ. ನಾಲಿಗೆಯಲ್ಲಿ ಹುಣ್ಣಿದ್ದರೆ ಆ ವಾರ ಹಸಿ ಅನಾನಸ್ ಬೇಡ, ಕಾವಲಿಯ ಮೇಲೆ ಎರಡೂ ಬದಿ ಸುಟ್ಟು ತಿನ್ನಿ.

ಮಾತ್ರೆಯ ವಿಚಾರ

ಊತದ ಮೇಲೆ ಬ್ರೊಮೆಲೈನ್ ಏನು ಮಾಡುತ್ತದೆ? ಪೆಟ್ಟಾದ ಜಾಗದಲ್ಲಿ ನೋವು-ಊತ ಹುಟ್ಟಿಸುವ ಬ್ರಾಡಿಕೈನಿನ್ ಎಂಬ ವಸ್ತುವನ್ನು ತಗ್ಗಿಸುತ್ತದೆ, ರಕ್ತದ ಹೆಪ್ಪಿನ ಜಾಲವಾದ ಫೈಬ್ರಿನ್ ಕರಗಲು ನೆರವಾಗುತ್ತದೆ, ಬಿಳಿ ರಕ್ತಕಣಗಳ ಮೇಲ್ಮೈಯ ಕೆಲವು ಪ್ರೋಟೀನುಗಳನ್ನು ಕತ್ತರಿಸಿ ಅವು ಪೆಟ್ಟಿನ ಜಾಗಕ್ಕೆ ಮುತ್ತಿಕೊಳ್ಳದಂತೆ ಮಾಡುತ್ತದೆ. ಇದರಲ್ಲಿ ಹೆಚ್ಚಿನದು ಗಾಜಿನ ನಳಿಕೆಯಲ್ಲಿ, ಪ್ರಾಣಿಗಳಲ್ಲಿ ಕಂಡದ್ದು. ನುಂಗಿದ ಪ್ರೋಟೀನು ಹೊಟ್ಟೆಯಲ್ಲೇ ಜೀರ್ಣವಾಗಿ ಹೋಗುವುದಿಲ್ಲವೇ ಎಂಬುದು ನ್ಯಾಯವಾದ ಪ್ರಶ್ನೆ. ಒಂದಷ್ಟು ಉಳಿದು ರಕ್ತ ಸೇರುತ್ತದೆ ಎಂದು 1997ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆರೋಗ್ಯವಂತ ಗಂಡಸರಿಗೆ ದಿನಕ್ಕೆ 3 ಗ್ರಾಂ ಕೊಟ್ಟಾಗ ಚೂರಾಗದ ಬ್ರೊಮೆಲೈನ್ ರಕ್ತದಲ್ಲಿ ಸಿಕ್ಕಿತು, ಆದರೆ ಪಿಕೋಗ್ರಾಂ (ಗ್ರಾಂನ ಲಕ್ಷ ಕೋಟಿಯ ಒಂದು ಪಾಲು) ಲೆಕ್ಕದಲ್ಲಿ. 3 ಗ್ರಾಂ ಎಂದರೆ ನಮ್ಮ 90 ಮಿಲಿಗ್ರಾಂ ಮಾತ್ರೆ ಮೂವತ್ಮೂರು ನುಂಗಿದಂತೆ.

ಜರ್ಮನಿಯಲ್ಲಿ ಗಿಡಮೂಲಿಕೆಗಳನ್ನು ಪರಿಶೀಲಿಸಿದ ಕಮಿಷನ್ ಇ ಎಂಬ ಸರ್ಕಾರಿ ತಜ್ಞ ಸಮಿತಿ ಬ್ರೊಮೆಲೈನ್‌ಗೆ ಒಪ್ಪಿಗೆ ಕೊಟ್ಟದ್ದು ಒಂದು ಕಿರಿದಾದ ಉದ್ದೇಶಕ್ಕೆ: ಆಪರೇಷನ್ ಅಥವಾ ಪೆಟ್ಟಿನ ನಂತರದ ಊತ, ಅದರಲ್ಲೂ ಮೂಗು ಮತ್ತು ಸೈನಸ್‌ನದು. ಪ್ರಮಾಣ ದಿನಕ್ಕೆ 80ರಿಂದ 320 ಮಿಲಿಗ್ರಾಂ, ಎರಡು ಮೂರು ಸಲವಾಗಿ, ಎಂಟು-ಹತ್ತು ದಿನ. ಅವಧಿಯನ್ನು ಗಮನಿಸಿ. ತಿಂಗಳುಗಟ್ಟಲೆ ನುಂಗುವ ಟಾನಿಕ್ ಎಂದು ಅವರು ಹೇಳಿಲ್ಲ. ಬುದ್ಧಿಹಲ್ಲು ಕಿತ್ತ ನಂತರದ ಪ್ರಯೋಗಗಳ ಒಟ್ಟು ಚಿತ್ರ ಸಾಧಾರಣ: ಕೆಲವರಲ್ಲಿ ನೋವು-ಊತ ಸ್ವಲ್ಪ ಕಡಿಮೆ, ಕೆಲವು ಪ್ರಯೋಗಗಳಲ್ಲಿ ವ್ಯತ್ಯಾಸವೇ ಇಲ್ಲ.

ಮಂಡಿನೋವಿನ ಕಥೆ ಹೆಚ್ಚು ಪಾಠ ಹೇಳುತ್ತದೆ. 2002ರಲ್ಲಿ ಬ್ರಿಟನ್‌ನಲ್ಲಿ ನಡೆದ ಅಧ್ಯಯನವೊಂದರಲ್ಲಿ ಸಾಧಾರಣ ಮಂಡಿನೋವಿನವರಿಗೆ ದಿನಕ್ಕೆ 200 ಅಥವಾ 400 ಮಿಲಿಗ್ರಾಂ ಕೊಟ್ಟರು. ನೋವು ಇಳಿಯಿತು, ಹೆಚ್ಚು ತೆಗೆದುಕೊಂಡವರಲ್ಲಿ ಹೆಚ್ಚು ಇಳಿಯಿತು. ಆದರೆ ಪೊಳ್ಳು ಮಾತ್ರೆ ಪಡೆದ ಹೋಲಿಕೆಯ ಗುಂಪು ಇರಲಿಲ್ಲ. 2006ರಲ್ಲಿ ಅಂಥ ಗುಂಪನ್ನು ಇಟ್ಟು, ಸವೆದ ಮಂಡಿಯವರಿಗೆ ದಿನಕ್ಕೆ 800 ಮಿಲಿಗ್ರಾಂನಂತೆ ಹನ್ನೆರಡು ವಾರ ಕೊಟ್ಟು ನೋಡಿದಾಗ ಪೊಳ್ಳು ಮಾತ್ರೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಎರಡನೆಯದು ಚಿಕ್ಕ ಅಧ್ಯಯನ, ರೋಗಿಗಳ ನೋವೂ ಹೆಚ್ಚಿನದು, ಹಾಗಾಗಿ ಅದೇ ಕೊನೆಯ ಮಾತಲ್ಲ. ಆದರೂ ಇಂಟರ್‌ನೆಟ್‌ನಲ್ಲಿ ಹಬ್ಬಿರುವುದು ಮೊದಲನೆಯದೇ. ಮೂರು ಸತ್ವಗಳ ಮಿಶ್ರ ಮಾತ್ರೆ ಕೆಲವು ಪ್ರಯೋಗಗಳಲ್ಲಿ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆಗೆ ಸಮನಾಗಿ ನಿಂತದ್ದಿದೆ. ಹೊಟ್ಟೆ ಉರಿಯಿಂದ ನೋವಿನ ಮಾತ್ರೆ ತಡೆಯಲಾರದವರಿಗೆ ವೈದ್ಯರು ಅದನ್ನು ಬರೆಯುವುದು ಈ ಆಧಾರದ ಮೇಲೆ. ಶುದ್ಧ ಸಸ್ಯಾಹಾರಿಗಳಿಗೆ ಒಂದು ಮಾತು: ಆ ಮಿಶ್ರಣದ ಟ್ರಿಪ್ಸಿನ್ ಸಾಮಾನ್ಯವಾಗಿ ಹಂದಿ ಅಥವಾ ದನದ ಮೇದೋಜೀರಕ ಗ್ರಂಥಿಯದು. ಬೇಡವೆನಿಸಿದರೆ ವೈದ್ಯರನ್ನು ಮೊದಲೇ ಕೇಳಿ.

ಮಾತ್ರೆಯ ಮೇಲೆ ಕರುಳಿನಲ್ಲಿ ಮಾತ್ರ ಕರಗುವ ಲೇಪವಿದ್ದರೆ ಅರ್ಧ ಮುರಿಯುವುದು, ಪುಡಿ ಮಾಡುವುದು ಬೇಡ, ಹೊಟ್ಟೆಯ ಆಮ್ಲದಿಂದ ಕಿಣ್ವವನ್ನು ಕಾಪಾಡುವುದೇ ಆ ಲೇಪ. ಊತಕ್ಕಾಗಿ ಆದರೆ ಊಟಕ್ಕೆ ಅರ್ಧ-ಒಂದು ಗಂಟೆ ಮುಂಚೆ, ಬರಿಹೊಟ್ಟೆಯಲ್ಲಿ. ಊಟದ ಜೊತೆ ತೆಗೆದುಕೊಂಡರೆ ಕಿಣ್ವ ಬೇಳೆಸಾರಿನ ಪ್ರೋಟೀನನ್ನು ಅರಗಿಸುವುದರಲ್ಲೇ ಕಳೆದುಹೋಗುತ್ತದೆ. ಬರೀ ಬ್ರೊಮೆಲೈನ್ ಇರುವ ಸಪ್ಲಿಮೆಂಟ್ ಡಬ್ಬಿ ಕೊಳ್ಳುವವರು ಮಿಲಿಗ್ರಾಂಗಿಂತ ಜಿಡಿಯು ಎಂಬ ಅಂಕಿಯನ್ನು ನೋಡಬೇಕು. ಅದು ಜೆಲಾಟಿನ್ ಕರಗಿಸುವ ಶಕ್ತಿಯ ಅಳತೆ. ಗ್ರಾಂಗೆ 2400 ಜಿಡಿಯು ಇರುವ ಪುಡಿಯಾದರೆ 500 ಮಿಲಿಗ್ರಾಂನಲ್ಲಿ 1200 ಸಿಗಬೇಕು. ಜಿಡಿಯು ನಮೂದಿಸದೆ ‘500 ಮಿಲಿಗ್ರಾಂ’ ಎಂದಷ್ಟೇ ಬರೆದ ಡಬ್ಬಿಯೊಳಗಿನದಕ್ಕೆ ಜೀವವಿದೆಯೋ ಇಲ್ಲವೋ ತಿಳಿಯುವ ದಾರಿಯಿಲ್ಲ.

‘ಹಾಗಾದರೆ ಮಾತ್ರೆಗೆ ಬದಲು ದಿನಾ ಎಷ್ಟು ಹೋಳು?’ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಹಣ್ಣಿನ ಕಿಣ್ವ ಕಾಂಡದ್ದಕ್ಕಿಂತ ಬೇರೆ ಬಗೆಯದು, ತಳಿ ಮತ್ತು ಮಾಗಿದ ಹದಕ್ಕೆ ತಕ್ಕಂತೆ ಏರಿಳಿಯುತ್ತದೆ, ಅದಕ್ಕೆ ರಕ್ಷಾ ಲೇಪವೂ ಇಲ್ಲ.

ಸುಟ್ಟಗಾಯ: ಸಾಬೀತಾದ ಬಳಕೆ

ಅನಾನಸ್ ಗಿಡ ನಿಜವಾಗಿ ದೊಡ್ಡ ಔಷಧಿಯಾದದ್ದು ಬಾಯಿಯ ದಾರಿಯಲ್ಲಲ್ಲ, ಚರ್ಮದ ಮೇಲೆ. ಬೆಂಕಿ ಅಥವಾ ಕುದಿನೀರಿನಿಂದ ಆಳವಾಗಿ ಸುಟ್ಟಾಗ ಸತ್ತ ಚರ್ಮ ಗಟ್ಟಿ ಚಕ್ಕಳದಂತೆ ಗಾಯಕ್ಕೆ ಅಂಟಿ ಕೂರುತ್ತದೆ. ಅದನ್ನು ತೆಗೆಯದಿದ್ದರೆ ಕೀವು, ನಂಜು. ಸರ್ಜನ್ ಬ್ಲೇಡ್‌ನಿಂದ ಹೆರೆದರೆ ಸತ್ತದ್ದರ ಜೊತೆ ಬದುಕಿದ್ದ ಪದರವೂ ಒಂದಿಷ್ಟು ಹೋಗುತ್ತದೆ, ರಕ್ತವೂ ಹೋಗುತ್ತದೆ. ಅನಾನಸ್ ಕಾಂಡದ ಕಿಣ್ವಗಳನ್ನು ಗಾಢಗೊಳಿಸಿ ತಯಾರಿಸಿದ ನೆಕ್ಸೊಬ್ರಿಡ್ ಎಂಬ ಔಷಧಿ ಸತ್ತ ಪದರವನ್ನು ಕರಗಿಸಿ, ಬದುಕಿರುವ ಅಂಗಾಂಶವನ್ನು ಬಹುಮಟ್ಟಿಗೆ ಬಿಡುತ್ತದೆ. ಯುರೋಪಿನಲ್ಲಿ ಅದಕ್ಕೆ 2012ರ ಡಿಸೆಂಬರ್‌ನಲ್ಲಿ, ಅಮೆರಿಕದಲ್ಲಿ 2022ರ ಡಿಸೆಂಬರ್‌ನಲ್ಲಿ ಅನುಮತಿ ಸಿಕ್ಕಿತು.

ಬಳಸುವ ಕ್ರಮ ನೋಡಿದರೆ ಇದು ಮನೆಮದ್ದಿನ ಜಾತಿಯಲ್ಲ ಎಂಬುದು ಗೊತ್ತಾಗುತ್ತದೆ. ರೋಗಿಗೆ ಮೊದಲು ಬಲವಾದ ನೋವು ನಿವಾರಕ ಅಥವಾ ಅರಿವಳಿಕೆ ಕೊಡುತ್ತಾರೆ. ಗಾಯವನ್ನು ಸ್ವಚ್ಛಗೊಳಿಸಿ, ಹಿಂದೆ ಹಚ್ಚಿದ ಬೆಳ್ಳಿ ಅಥವಾ ಅಯೋಡಿನ್ ಮುಲಾಮನ್ನು ಪೂರ್ತಿ ತೆಗೆಯುತ್ತಾರೆ, ಉಳಿದರೆ ಕಿಣ್ವ ಮಂಕಾಗುತ್ತದೆ. ಸುತ್ತಲಿನ ಒಳ್ಳೆಯ ಚರ್ಮಕ್ಕೆ ಪೆಟ್ರೋಲಿಯಂ ಜೆಲ್ಲಿಯ ಕಟ್ಟೆ ಕಟ್ಟುತ್ತಾರೆ. ಪುಡಿಯನ್ನು ಜೆಲ್‌ಗೆ ಬೆರೆಸಿದ ಹದಿನೈದು ನಿಮಿಷದೊಳಗೆ ಒಂದೂವರೆಯಿಂದ ಮೂರು ಮಿಲಿಮೀಟರ್ ದಪ್ಪಕ್ಕೆ ಹಚ್ಚಿ, ಗಾಳಿಯಾಡದಂತೆ ಮುಚ್ಚಿ, ನಾಲ್ಕು ಗಂಟೆ ಬಿಟ್ಟು ಒರೆಸಿ ತೆಗೆಯುತ್ತಾರೆ. ಅನಾನಸ್ ಅಥವಾ ಪರಂಗಿ ಹಣ್ಣಿನ ಅಲರ್ಜಿ ಇರುವವರಿಗೆ ಕೊಡುವಂತಿಲ್ಲ. ಇದನ್ನು ಓದಿ ಯಾರೂ ಸುಟ್ಟಗಾಯಕ್ಕೆ ಅನಾನಸ್ ರಸ ಸುರಿಯಬೇಡಿ. ಅದರಲ್ಲಿ ಹುಳಿ, ಸಕ್ಕರೆ, ಸೂಕ್ಷ್ಮಾಣುಗಳು ಎಲ್ಲಾ ಇವೆ. ಸುಟ್ಟ ಕೂಡಲೆ ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರು ಹರಿಸಿ, ಶುಭ್ರ ಬಟ್ಟೆ ಹೊದಿಸಿ, ಸುಟ್ಟಗಾಯದ ವಾರ್ಡ್ ಇರುವ ವಿಕ್ಟೋರಿಯಾದಂಥ ಆಸ್ಪತ್ರೆಗೆ ಕರೆದೊಯ್ಯಿರಿ.

ರಕ್ತನಿಧಿಯ ಪ್ರಯೋಗಾಲಯದಲ್ಲೂ ಈ ಕಿಣ್ವಕ್ಕೆ ಕೆಲಸವುಂಟು. ಕೆಂಪು ರಕ್ತಕಣದ ಮೇಲ್ಮೈಯನ್ನು ಬ್ರೊಮೆಲೈನ್‌ನಿಂದ ಸವರಿದರೆ ಆರ್‌ಎಚ್ (ಪಾಸಿಟಿವ್-ನೆಗೆಟಿವ್) ಗುಂಪಿನ ಪ್ರತಿಕಾಯಗಳು ಎದ್ದು ಕಾಣುತ್ತವೆ.

ಜಂತುಹುಳು, ಬಸುರಿ, ವಾಟ್ಸಾಪ್

ಎಲೆಯ ರಸದಿಂದ ಜಂತುಹುಳು ಸಾಯುತ್ತದೆ ಎಂಬ ಮಾತಿಗೆ ಸ್ವಲ್ಪ ಬುನಾದಿಯಿದೆ. ಪರಂಗಿ, ಅಂಜೂರ, ಅನಾನಸ್ ಕಿಣ್ವಗಳು ದುಂಡುಹುಳುಗಳ ಹೊರಕವಚವನ್ನು ಕರಗಿಸುವುದನ್ನು ಬ್ರಿಟನ್ನಿನ ಸಂಶೋಧಕರು ಪ್ರಯೋಗಾಲಯದಲ್ಲಿ ನೋಡಿದ್ದಾರೆ. ಅಲ್ಲಿಂದ ಮಗುವಿನ ಹೊಟ್ಟೆಗೆ ದಾರಿ ಉದ್ದ. ಎಲೆಯ ರಸಕ್ಕೆ ಗೊತ್ತಾದ ಪ್ರಮಾಣವಿಲ್ಲ, ಗಂಟಲು ಕೆರೆತ, ವಾಂತಿ, ಭೇದಿ ಬರಬಹುದು, ತೋಟದಲ್ಲಿ ಹೊಡೆದ ಔಷಧಿಯೂ ಎಲೆಯ ಬುಡದಲ್ಲೇ ನಿಂತಿರುತ್ತದೆ. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಶಾಲೆ, ಅಂಗನವಾಡಿಗಳಲ್ಲಿ ಪುಕ್ಕಟೆ ಕೊಡುವ ಅಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆ ಒಂದೇ ಸಲಕ್ಕೆ ಆ ಕೆಲಸ ಮಾಡುತ್ತದೆ. ಒಂದರಿಂದ ಎರಡು ವರ್ಷದ ಮಕ್ಕಳಿಗೆ ಅರ್ಧ ಸಾಕು.

ಬಸುರಿಯರ ಪ್ರಶ್ನೆ ಸೂಕ್ಷ್ಮದ್ದು. ಹೆದರಿಕೆಯ ಮೂಲ ಶುದ್ಧ ಕಲ್ಪನೆಯಲ್ಲ. ಎಲೆಯಿಂದ ತೆಗೆದ ಸ್ಟೆರಾಯ್ಡ್ ಜಾತಿಯ ವಸ್ತುಗಳು ಇಲಿಗಳಲ್ಲಿ ಗರ್ಭ ಇಳಿಸಿದವು ಎಂದು ಕಲ್ಕತ್ತೆಯ ಸಂಶೋಧಕರು 1976ರಲ್ಲಿ ಪ್ರಕಟಿಸಿದ್ದಾರೆ. ದೇಹದ ಹೊರಗೆ ತೆಗೆದಿಟ್ಟ ಪ್ರಾಣಿಗಳ ಗರ್ಭಕೋಶದ ಸ್ನಾಯುವಿಗೆ ಹಣ್ಣಿನ ರಸ ನೇರ ತಾಗಿದಾಗ ಅದು ಸಂಕುಚಿಸಿದ್ದೂ ವರದಿಯಾಗಿದೆ, ಅನಾನಸ್‌ನಲ್ಲಿರುವ ಸೆರೊಟೋನಿನ್ ಎಂಬ ರಾಸಾಯನಿಕ ಅದಕ್ಕೊಂದು ಕಾರಣ. ಆದರೆ ತಿಂದ ಸೆರೊಟೋನಿನ್ ಬಹುಪಾಲು ಕರುಳು, ಯಕೃತ್ತಿನಲ್ಲೇ ಒಡೆದುಹೋಗುತ್ತದೆ, ಗರ್ಭಕೋಶಕ್ಕೆ ಆ ಪ್ರಮಾಣದಲ್ಲಿ ತಲುಪುವುದಿಲ್ಲ. ಮಾಗಿದ ಹಣ್ಣಿನ ನಾಲ್ಕು ಹೋಳು ತಿಂದು ಗರ್ಭಪಾತವಾಗುತ್ತದೆ ಎನ್ನುವುದಕ್ಕೆ ಮನುಷ್ಯರಲ್ಲಿ ಪುರಾವೆಯಿಲ್ಲ. ಎದೆಯುರಿ, ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಇದ್ದರೆ ಮಿತ ಬೇಕು, ಅದು ಬೇರೆ ಮಾತು. ಎಳೆಕಾಯಿಯ ರಸ, ಎಲೆಯ ಕಷಾಯ, ಬ್ರೊಮೆಲೈನ್ ಸಪ್ಲಿಮೆಂಟ್ ಈ ಮೂರನ್ನೂ ಬಸುರಿಯರು ದೂರವಿಡಬೇಕು. ಮುಟ್ಟು ನಿಂತಾಗ ಎಳೆ ಅನಾನಸ್ ತಿಂದು ‘ಸರಿ ಮಾಡಿಕೊಳ್ಳುವ’ ಪ್ರಯತ್ನದಲ್ಲಿ ಕಳೆಯುವ ವಾರಗಳು ಅಪಾಯದವು. ಗರ್ಭ ಬೇಡವಾದರೆ ಕಾನೂನಿನಂತೆ, ಸುರಕ್ಷಿತವಾಗಿ ಸರ್ಕಾರಿ ಆಸ್ಪತ್ರೆಯಲ್ಲೇ ದಾರಿಯಿದೆ.

ಬಿಸಿ ಅನಾನಸ್ ನೀರಿನ ಸಂದೇಶಕ್ಕೆ ಹೆಚ್ಚು ಜಾಗ ಬೇಡ. ಕ್ಯಾನ್ಸರ್ ಕೋಶಗಳ ಮೇಲೆ ಬ್ರೊಮೆಲೈನ್ ಪ್ರಯೋಗಗಳು ನಡೆದಿರುವುದು ನಿಜ, ಆದರೆ ಗಾಜಿನ ತಟ್ಟೆಯಲ್ಲಿ, ಮನುಷ್ಯರ ಚಿಕಿತ್ಸೆಯಾಗಿ ಅಲ್ಲ. ಅದರ ಮೇಲೆ ಕುದಿನೀರು ಹುಯ್ದರೆ ಪ್ರಯೋಗದಲ್ಲಿದ್ದ ಆ ಕಿಣ್ವವೂ ಸತ್ತಿತು. ‘ಅನಾನಸ್ ರಸ ಕೆಮ್ಮಿನ ಸಿರಪ್‌ಗಿಂತ ಐದು ಪಟ್ಟು ಮೇಲು’ ಎಂಬುದೂ ಇದೇ ಮನೆತನದ ಮಾತು.

ಕಣ್ಣ ಮುಂದೆ ತೇಲುವ ಕಪ್ಪು ಚುಕ್ಕೆಗಳಿಗೆ ದಿನಾ ಅನಾನಸ್ ತಿನ್ನಿ ಎಂಬ ಸಲಹೆಗೆ ಮಾತ್ರ ಎಚ್ಚರ ಬೇಕು. 2019ರ ತೈವಾನ್ ಅಧ್ಯಯನವೊಂದು ಅದರ ಮೂಲ. ಅನಾನಸ್ ತಿನ್ನದವರ ಸರಿಯಾದ ಗುಂಪನ್ನಿಟ್ಟು ಹೋಲಿಸದ ಅಧ್ಯಯನ ಅದು, ಇಂಥ ಚುಕ್ಕೆಗಳು ಕಾಲಕ್ರಮೇಣ ತಾವಾಗಿಯೂ ಗಮನಕ್ಕೆ ಬರುವುದು ಕಡಿಮೆಯಾಗುತ್ತದೆ. ಚುಕ್ಕೆಗಳು ದಿಢೀರನೆ ಹೆಚ್ಚಿದರೆ, ಮಿಂಚು ಹೊಡೆದಂತಾದರೆ, ಪರದೆ ಇಳಿದಂತಾದರೆ ಅಕ್ಷಿಪಟಲ (ರೆಟಿನಾ) ಕಳಚುತ್ತಿರಬಹುದು. ಅವತ್ತೇ ಮಿಂಟೋಗೋ ಹತ್ತಿರದ ಕಣ್ಣಿನ ಆಸ್ಪತ್ರೆಗೋ ಹೋಗಬೇಕು.

ಹಣ್ಣಾಗಿ ಹಣ್ಣು

ನೂರು ಗ್ರಾಂ ತಿರುಳಿನಲ್ಲಿ ಸುಮಾರು 48 ಮಿಲಿಗ್ರಾಂ ಸಿ ಜೀವಸತ್ವ, 0.9 ಮಿಲಿಗ್ರಾಂ ಮ್ಯಾಂಗನೀಸ್, 10 ಗ್ರಾಂ ಸಕ್ಕರೆ, 50 ಕ್ಯಾಲೊರಿ. ಪೊಟ್ಯಾಸಿಯಂ 110 ಮಿಲಿಗ್ರಾಂ ಆಸುಪಾಸು, ಬಾಳೆಹಣ್ಣಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆಯೇ. ಪೊಟ್ಯಾಸಿಯಂ ಮಿತಿ ಇರುವ ಕಿಡ್ನಿ ರೋಗಿಗಳಿಗೆ ಆಹಾರತಜ್ಞರು ಇದನ್ನು ಒಪ್ಪುವುದು ಅದಕ್ಕೇ. ಸಕ್ಕರೆ ಕಾಯಿಲೆಯವರಿಗೆ ಅಂಗೈಯಷ್ಟು ಹೋಳು ಊಟದ ನಡುವಿನ ಹೊತ್ತಿಗೆ ಸರಿ, ಜ್ಯೂಸ್ ಅಂಗಡಿಯ ದೊಡ್ಡ ಲೋಟ ಸರಿಯಲ್ಲ. ಅದಕ್ಕೆ ಅರ್ಧ ಹಣ್ಣು, ಮೇಲೆ ಮೂರು ಚಮಚ ಸಕ್ಕರೆ ಬಿದ್ದಿರುತ್ತದೆ. ಗಾಡಿಯಲ್ಲಿ ಕತ್ತರಿಸಿಟ್ಟು ಐಸ್ ಮೇಲೆ ಜೋಡಿಸಿದ್ದಕ್ಕಿಂತ ಕಣ್ಣೆದುರೇ ಹೆಚ್ಚಿಸಿಕೊಂಡದ್ದು ವಾಸಿ, ಟೈಫಾಯ್ಡ್ ಹರಡುವುದು ನೀರು ಮತ್ತು ಚಾಕುವಿನಿಂದ.

ಕೆಲವರು ವೈದ್ಯರಿಗೆ ಹೇಳಿಯೇ ಮುಂದುವರಿಯಬೇಕು. ವಾರ್ಫರಿನ್, ಕ್ಲೋಪಿಡೋಗ್ರೆಲ್, ಆಸ್ಪಿರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಬ್ರೊಮೆಲೈನ್ ರಕ್ತಸ್ರಾವದ ಸಾಧ್ಯತೆ ಹೆಚ್ಚಿಸಬಹುದು. ಸ್ವಂತವಾಗಿ ಸಪ್ಲಿಮೆಂಟ್ ನುಂಗುತ್ತಿದ್ದರೆ ಆಪರೇಷನ್‌ಗೆ ಎರಡು ವಾರ ಮುಂಚೆ ನಿಲ್ಲಿಸುವುದು ರೂಢಿ. ಅಮಾಕ್ಸಿಸಿಲಿನ್, ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್‌ಗಳನ್ನು ದೇಹ ಹೀರಿಕೊಳ್ಳುವುದು ಹೆಚ್ಚಾಗಬಹುದು. ರಬ್ಬರ್ ಕೈಗವಸು, ಬಲೂನು ತಾಗಿದರೆ ತುರಿಕೆ ಬರುವವರಿಗೆ, ಪರಂಗಿ ಹಣ್ಣು ಆಗದವರಿಗೆ ಅನಾನಸ್ ಕೂಡ ಆಗದಿರಬಹುದು. ತಿಂದ ಮೇಲೆ ತುಟಿ ಊದಿ, ಮೈಯೆಲ್ಲ ದದ್ದೆದ್ದು, ಉಸಿರು ಕಟ್ಟಿದರೆ ಅದು ನಾಲಿಗೆ ಉರಿಯಲ್ಲ, ಅಲರ್ಜಿ. 108ಕ್ಕೆ ಕರೆ ಮಾಡಬೇಕು.

ಇನ್ನೊಂದು ಸಂದರ್ಭವನ್ನು ಲ್ಯಾಬ್‌ನವರು ಹೇಳಲು ಮರೆಯುವುದುಂಟು. ಸೆರೊಟೋನಿನ್ ಸುರಿಸುವ ಕಾರ್ಸಿನಾಯ್ಡ್ ಎಂಬ ಗಡ್ಡೆಯ ಅನುಮಾನವಿದ್ದಾಗ ಇಡೀ ದಿನದ ಮೂತ್ರ ಹಿಡಿದು 5-ಎಚ್‌ಐಎಎ ಪರೀಕ್ಷೆ ಮಾಡುತ್ತಾರೆ, ಅದು ಅಳೆಯುವುದು ಸೆರೊಟೋನಿನ್ ಒಡೆದು ಹೊರಬೀಳುವ ವಸ್ತುವನ್ನು. ಹಿಂದಿನ ದಿನ ಅನಾನಸ್ ತಿಂದಿದ್ದರೆ ಗಡ್ಡೆಯಿಲ್ಲದಿದ್ದರೂ ಅಂಕಿ ಏರಿ ಕೂರುತ್ತದೆ. ಆ ಪರೀಕ್ಷೆಗೆ ಮೂರು ದಿನ ಮುಂಚಿನಿಂದ ಮೂತ್ರ ಹಿಡಿದು ಮುಗಿಯುವವರೆಗೆ ಅನಾನಸ್, ಬಾಳೆಹಣ್ಣು, ಟೊಮೆಟೊ, ಆಕ್ರೋಟು, ಬೆಣ್ಣೆಹಣ್ಣು ಬಿಟ್ಟಿರಬೇಕು.